ಸೊಂಟದ ಮರೆಯ ಆಯುಧ

ಆಯುಧಗಳಲ್ಲಿ ಎರಡು ಬಗೆ. ಎಲ್ಲರೂ ಕಾಣಲೆಂದು ಹಿಡಿದದ್ದು ಒಂದು. ಯಾರೂ ಕಾಣಬಾರದೆಂದು ಇಟ್ಟುಕೊಂಡದ್ದು ಇನ್ನೊಂದು. ನಮ್ಮ ಸಿಂದಗಿ ಸೀಮೆಯ ರೈತನ ಹೆಗಲ ಮೇಲಿನ ಕೊಡಲಿ, ಕುರುಬನ ಕೈಯ ಬಡಿಗೆ, ಹಳೆಯ ವಾಡೆಯ ಪಡಸಾಲೆಯಲ್ಲಿ ಗೂಟಕ್ಕೆ ತೂಗಹಾಕಿದ ಜೋಡುನಳಿಗೆಯ ಬಂದೂಕು, ಇವೆಲ್ಲ ಮೊದಲನೆಯ ಬಗೆಗೆ ಸೇರಿದವು. ಅಂಗೈಗಿಂತ ಕೊಂಚವೇ ದೊಡ್ಡದಾಗಿ, ಅಂಗಿಯ ಕೆಳಗೆ ಸೊಂಟಕ್ಕೆ ಅಂಟಿಕೊಂಡು ಕೂಡುವ ಪಿಸ್ತೂಲು ಎರಡನೆಯ ಬಗೆಯದು. ಭಾನುವಾರದ ಸಾಹಿತ್ಯದ ಪುಟದಲ್ಲಿ ಪಿಸ್ತೂಲಿನ ಮಾತೇಕೆಂದು ಓದುಗರು ಹುಬ್ಬೇರಿಸಬಹುದು. ಆದರೆ ಭೀಮಾತೀರದಲ್ಲಿ ಬಾಳುವವರಿಗೆ ಇದು ದೂರದ ಮಾತಲ್ಲ. ಇಂಡಿ, ಸಿಂದಗಿ, ಚಡಚಣದ ಕಡೆ ಪೊಲೀಸರು ನಾಡಪಿಸ್ತೂಲು ಹಿಡಿದರೆಂಬ ಸುದ್ದಿಯನ್ನು ನಾವು ಮಳೆ ಬೆಳೆಯ ಸುದ್ದಿಯ ಪಕ್ಕದಲ್ಲಿಯೇ ಓದಿದವರು.

ನಮ್ಮ ನಾಡಿಗೆ ಬಂದೂಕು ಹೊಸತಲ್ಲ. ಬಂದೂಕಿನ ಅಭಿಮಾನವೂ ಹೊಸತಲ್ಲ. 1857ರಲ್ಲಿ ಆಂಗ್ಲರು ಜನರ ಆಯುಧ ಕಸಿಯುವ ಕಾಯಿದೆ ತಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದನ್ನು ಒಪ್ಪಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಸೈನ್ಯ ಬಂದು ಊರಿಗೆ ಬೆಂಕಿಯಿಟ್ಟಿತು; ಸೆರೆಸಿಕ್ಕವರಲ್ಲಿ ಹಲವರು ಗಲ್ಲಿಗೇರಿದರು. ಆ ಕಥೆಯ ಲಾವಣಿಯನ್ನು ಫ್ಲೀಟ್ ಸಾಹೇಬರು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚು ಹಾಕಿಸಿದ್ದರಿಂದ ಅದು ವಿದ್ವಾಂಸರ ಕೈಗೂ ಬಂತು. ಹಲಗಲಿಯವರು ಯಾವುದಕ್ಕಾಗಿ ಸತ್ತರೋ ಅದು ಬಚ್ಚಿಟ್ಟ ಆಯುಧವಲ್ಲ. ಹೆಗಲ ಮೇಲಿನ, ಊರಿಗೆಲ್ಲ ತಿಳಿದ ಆಯುಧ. ಕೊಡಗಿನಲ್ಲಿಯೂ ಹಾಗೆಯೇ. ಕೈಲ್‌ಪೊಳ್ದ್ ಹಬ್ಬದಂದು ಬಂದೂಕಿಗೆ ಹೂ ಮುಡಿಸಿ ಪೂಜಿಸುವ ಕೊಡವರಿಗೆ ಪರವಾನಗಿಯ ಕಟ್ಟಿನಿಂದ ವಿನಾಯಿತಿಯುಂಟು. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿತು. ಇನ್ನು ನಮ್ಮ ಹಳ್ಳಿಗಳ ಅಗಸೆಯ ಮುಂದೆ ನಿಂತ ವೀರಗಲ್ಲುಗಳನ್ನು ನೋಡಿರಿ. ಅಲ್ಲಿಯ ವೀರನ ಕತ್ತಿಯಾಗಲಿ ಬಿಲ್ಲಾಗಲಿ ಮರೆಯಲ್ಲಿಲ್ಲ, ಎದುರಾಳಿಯದೂ ಇಲ್ಲ.

ಈ ವಿಚಾರ ನನ್ನನ್ನು ಹಿಡಿದದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ದೆಸೆಯಿಂದ. ಓದು ಮುಗಿಸಿ ಊರಿಗೆ ಮರಳಿ ತೊಗರಿ, ಕಬ್ಬು ಬೆಳೆಯುತ್ತಿರುವ ತರುಣ. ಹೊಲದ ಬದುವಿನ ವ್ಯಾಜ್ಯ ದಾಯಾದಿಗಳೊಡನೆ ಬೆಳೆಯುತ್ತ ಬಂದು, ರಾತ್ರಿ ನೀರು ಹಾಯಿಸಲು ಹೋಗುವಾಗ ಹಿಂದೆ ಮುಂದೆ ನೋಡುವ ಹೊತ್ತು ಬಂದಿತ್ತು. ಕಾಲೇಜಿನ ಎನ್.ಸಿ.ಸಿ.ಯಲ್ಲಿ ಹುಡುಗರಿಗೆ .22 ರೈಫಲ್ ಹಿಡಿಯಲು ಕಲಿಸಿದವನು ನಾನೆಂದು ನೆನಪಿಟ್ಟು ಬಂದಿದ್ದ. “ಸರ, ಲೈಸೆನ್ಸಿಗೆ ಅರ್ಜಿ ಹಾಕಬೇಕಂತ ಮಾಡೀನ್ರಿ. ಸಣ್ಣದು ಬೇಕ್ರಿ, ಅಂಗಿ ಒಳಗ ಇಟ್ರ ಯಾರಿಗೂ ಗೊತ್ತಾಗಬಾರದು. ಯಾವುದು ತಗೊಳ್ಳಲಿ ನೀವಽ ಹೇಳ್ರಿ” ಎಂದ. ಅವನ ಅಂಜಿಕೆ ನಿಜವಾದದ್ದು. ಅಂಜಿದವನಿಗೆ ಉಪದೇಶ ಹೇಳಿ ಕಳಿಸುವುದು ಸುಲಭ, ಆದರೆ ಅದು ಉತ್ತರವಾಗುವುದಿಲ್ಲ. ಆದುದರಿಂದ ಕೇಳಿದ್ದಕ್ಕೆ ಕೇಳಿದಂತೆಯೇ ಉತ್ತರ ಹೇಳಿದೆ.

ಮೊದಲು ಕಾಯಿದೆ. 1959ರ ಆಯುಧ ಕಾಯಿದೆಯಂತೆ ಜಿಲ್ಲಾಧಿಕಾರಿಗಳಿಗೆ ಅರ್ಜಿ ಹೋಗಬೇಕು, ಪೊಲೀಸರ ವರದಿ ಬರಬೇಕು; 2016ರ ನಿಯಮಗಳ ಮೇಲೆ ಆಯುಧ ಹಿಡಿಯುವ ತರಬೇತಿಯ ಪ್ರಮಾಣಪತ್ರವೂ ಬೇಕು. ಸೈನ್ಯ ಬಳಸುವ 9 ಮಿಲಿಮೀಟರಿನ ತೋಟೆ ಹಾರಿಸುವ ಪಿಸ್ತೂಲು ಸಾಮಾನ್ಯ ನಾಗರಿಕನಿಗೆ ನಿಷಿದ್ಧ. ಆದುದರಿಂದ ಆಯ್ಕೆ ಬಹುಮಟ್ಟಿಗೆ .32 ಅಳತೆಗೆ ಬಂದು ನಿಲ್ಲುತ್ತದೆ. ಅದರಲ್ಲಿ ಎರಡು ತೆರ. ಒಂದು, ಆರು ಗುಂಡಿನ ಉರುಳೆ ತಿರುಗುವ ರಿವಾಲ್ವರ್. ಕಾನಪುರದ ಸರಕಾರಿ ಕಾರ್ಖಾನೆಯದು. ಇನ್ನೊಂದು, ಹಿಡಿಯೊಳಗಿನ ಮ್ಯಾಗಝಿನಿನಿಂದ ಗುಂಡು ತಾನೇ ಮೇಲೇರುವ ಪಿಸ್ತೂಲು. ‘ಅಶನಿ’ ಎಂಬ ಸಂಸ್ಕೃತ ಹೆಸರಿನದು ಈ ತೆರನಾದದ್ದು. ಅಶನಿಯೆಂದರೆ ಸಿಡಿಲು.

ಪಿಸ್ತೂಲು ಚಪ್ಪಟೆ, ಸೊಂಟದಲ್ಲಿ ಉಬ್ಬು ಕಾಣದು. ಆದರೆ ಅದಕ್ಕೆ ಹೆಚ್ಚು ಅಭ್ಯಾಸ ಬೇಕು. ಮ್ಯಾಗಝಿನ್ ಹೊರಗೆ ತೆಗೆದ ಮೇಲೂ ನಳಿಕೆಯ ಬುಡದಲ್ಲಿ ಒಂದು ಗುಂಡು ಉಳಿದಿರಬಹುದು. ಬರಿದೆಂದು ತಿಳಿದು ಕೈಯಾಡಿಸಿ ಮನೆಯವರನ್ನೇ ಕೊಂದವರು ಲೋಕದಲ್ಲಿ ಹಲವರಿದ್ದಾರೆ. ರಿವಾಲ್ವರಿನ ಉರುಳೆ ದಪ್ಪ, ಬಚ್ಚಿಡಲು ಕಷ್ಟ. ಆದರೆ ಅದರ ರಚನೆ ಸರಳ. ತುಂಬಿದೆಯೋ ಬರಿದೋ ಎಂಬುದು ಉರುಳೆ ತೆರೆದ ಕೂಡಲೆ ಕಣ್ಣಿಗೆ ಬೀಳುತ್ತದೆ. ಒಂದು ತೋಟೆ ಸಿಡಿಯದಿದ್ದರೆ ಮತ್ತೊಮ್ಮೆ ಎಳೆದರೆ ಸಾಕು. ಆಯುಧ ಸಣ್ಣದಾದಷ್ಟೂ ಇಟ್ಟುಕೊಳ್ಳಲು ಹಗುರ, ಹಾರಿಸಲು ಕಠಿಣ. ನಳಿಕೆ ಗಿಡ್ಡವಾದರೆ ಗುರಿ ತಪ್ಪುವುದು ಹೆಚ್ಚು, ಭಾರ ಕಡಿಮೆಯಾದರೆ ಕೈಗೆ ಹೊಡೆಯುವ ಪೆಟ್ಟು ಹೆಚ್ಚು. ಅಂಗಡಿಯ ಗಾಜಿನ ಕಪಾಟಿನಲ್ಲಿ ಎಲ್ಲಕ್ಕಿಂತ ಮುದ್ದಾಗಿ ಕಾಣುವುದೇ ಕೈಯಲ್ಲಿ ಎಲ್ಲಕ್ಕಿಂತ ಹಟಮಾರಿ.

ಇಡುವುದೆಲ್ಲಿ? ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಎರೆಸೀಮೆಯಲ್ಲಿ ಕೋಟು ತೊಡುವವರಾರು? ತೆಳ್ಳನೆಯ ಅಂಗಿ ಬೆವರಿಗೆ ಮೈಗಂಟಿದರೆ ಒಳಗಿನದು ಹೊರಗೆ ಕಾಣುತ್ತದೆ. ಬೆವರು ಕಬ್ಬಿಣಕ್ಕೂ ಶತ್ರು. ಚಂಚಿಯಂತೆ ಸೊಂಟಕ್ಕೆ ಸಿಕ್ಕಿಸುವ ವಸ್ತು ಅದಲ್ಲ. ಟ್ರಿಗ್ಗರನ್ನು ಪೂರ್ತಿ ಮುಚ್ಚುವ ಗಟ್ಟಿ ಒರೆ ಬೇಕು. ಕೀಲಿಕೈ, ಚಿಲ್ಲರೆಯ ಜೊತೆ ಕಿಸೆಯಲ್ಲಿ ಹಾಕಿದರೆ ಅದು ಮೊದಲು ಹಾರುವುದು ತನ್ನ ಯಜಮಾನನ ತೊಡೆಗೇ. ರಾತ್ರಿ ಮಲಗುವಾಗ ಮಕ್ಕಳ ಕೈಗೆ ಸಿಕ್ಕದಂತೆ ಬೀಗದೊಳಗಿಡಬೇಕು. ಬೀಗದೊಳಗಿಟ್ಟ ಆಯುಧ ನಡುರಾತ್ರಿ ಬಾಗಿಲು ಬಡಿದಾಗ ಕೈಗೆ ಬರುವುದು ಎಷ್ಟು ಹೊತ್ತಿಗೆ ಎಂಬುದನ್ನೂ ಲೆಕ್ಕ ಹಾಕಬೇಕು.

ಇಷ್ಟು ಹೇಳುವಾಗ ನನಗೆ ಒಂದು ವಿಚಿತ್ರ ಹೊಳೆಯಿತು. ಪರವಾನಗಿಯುಳ್ಳವನು ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕನ್ನು ಒರೆಯಲ್ಲಿಟ್ಟು ಪೂರ್ತಿ ಮುಚ್ಚಿಕೊಂಡೇ ಒಯ್ಯಬೇಕೆಂದು 2016ರ ನಿಯಮಗಳು ವಿಧಿಸುತ್ತವೆ. ಸಂತೆಯಲ್ಲಿ ನಿಂತ ಉಳಿದವರು ಅಂಜಬಾರದೆಂಬುದು ಅದರ ಸದುದ್ದೇಶ. ಆದರೆ ಅದರ ಫಲವೇನು? ಮುಚ್ಚಿದ ಆಯುಧ ಯಾರನ್ನೂ ಹೆದರಿಸದು. ನಿಮ್ಮ ವೈರಿಯನ್ನೂ ಹೆದರಿಸದು. ನಾಯಿ ಬೊಗಳಿದರೆ ಕಳ್ಳ ಹಿಂದೆಗೆಯುತ್ತಾನೆ. ಮೂಕನಾಯಿಯಿರುವ ಮನೆಗೆ ಧೈರ್ಯವಾಗಿ ನುಗ್ಗುತ್ತಾನೆ. ಬಚ್ಚಿಟ್ಟ ಪಿಸ್ತೂಲು ಜಗಳವನ್ನು ತಡೆಯುವುದಿಲ್ಲ; ಜಗಳ ಆರಂಭವಾದ ಮೇಲೆ ಮಾತ್ರ ಕೆಲಸಕ್ಕೆ ಬರಬಹುದು. ಆಗಲಾದರೂ ಬರುತ್ತದೆಯೆ? ಅಮೆರಿಕದ ಪೊಲೀಸ್ ತರಬೇತುದಾರ ಡೆನಿಸ್ ಟ್ಯೂಲರ್ 1983ರಲ್ಲಿ ಬರೆದ ಒಂದು ಲೇಖನದಲ್ಲಿ ಈ ಲೆಕ್ಕವಿದೆ: ಚೂರಿ ಹಿಡಿದವನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟಬಲ್ಲ. ಒರೆಯಿಂದ ಪಿಸ್ತೂಲು ತೆಗೆದು ಗುರಿಯಿಡಲು ಪಳಗಿದವನಿಗೂ ಅಷ್ಟೇ ಹೊತ್ತು ಬೇಕು. ನಮ್ಮ ತರುಣನೋ, ಬಗಲಲ್ಲಿ ಸಲಿಕೆ ಹಿಡಿದು ಕತ್ತಲಲ್ಲಿ ಕಬ್ಬಿನ ನಡುವೆ ನಿಂತವನು.

ಹಾಗಾದರೆ ಈ ಸಣ್ಣ ಆಯುಧ ಯಾರ ಕೈಯಲ್ಲಿ ತಪ್ಪದೆ ಕೆಲಸ ಮಾಡಿದೆ? ಇತಿಹಾಸ ಕೊಡುವ ಉತ್ತರ ಮನಸ್ಸನ್ನು ಕಲಕುತ್ತದೆ. 1865ರಲ್ಲಿ ನಾಟಕಶಾಲೆಯಲ್ಲಿ ಲಿಂಕನ್ನರನ್ನು ಕೊಂದದ್ದು ಕಿಸೆಯಲ್ಲಿ ಹಿಡಿಯುವ ಡೆರಿಂಜರ್ ಪಿಸ್ತೂಲು. 1914ರಲ್ಲಿ ಸರಾಯೇವೋದ ಬೀದಿಯಲ್ಲಿ ರಾಜಕುಮಾರನನ್ನು ಕೊಂದು ಮಹಾಯುದ್ಧಕ್ಕೆ ಕಿಡಿ ತಾಗಿಸಿದ್ದೂ ಅಂಥ ಸಣ್ಣ ಬ್ರೌನಿಂಗ್ ಪಿಸ್ತೂಲು. 1948ರ ಜನವರಿ 30ರಂದು ದಿಲ್ಲಿಯ ಪ್ರಾರ್ಥನಾಸಭೆಗೆ ಬಂದದ್ದು ಒಂದು ಬೆರೆಟ್ಟಾ. ಮೂರು ಕಡೆಯೂ ಗಳಿಗೆಯನ್ನು ಆರಿಸಿಕೊಂಡವನು ಕೊಲ್ಲಲು ಬಂದವನೇ. ಬಚ್ಚಿಡುವ ಆಯುಧದ ಬಲವೆಲ್ಲ ಗಳಿಗೆಯನ್ನು ಆರಿಸಿಕೊಳ್ಳುವುದರಲ್ಲಿದೆ. ತನ್ನ ಪಾಡಿಗೆ ತಾನಿರುವವನಿಗೆ ಆ ಆಯ್ಕೆಯೇ ಇಲ್ಲ.

ದೂರದ ಉದಾಹರಣೆಗಳೇಕೆ? ನಮ್ಮ ಸಿಂದಗಿ ತಾಲೂಕಿನ ಗುಬ್ಬೇವಾಡದಲ್ಲಿ 1938ರಲ್ಲಿ ಹುಟ್ಟಿ, ಶಾಸನ ಮತ್ತು ವಚನಗಳ ಸಂಶೋಧನೆಯಲ್ಲಿ ಬಾಳು ಸವೆಸಿ, ‘ಮಾರ್ಗ’ ಸಂಪುಟಗಳನ್ನು ಕೊಟ್ಟು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಂ. ಎಂ. ಕಲಬುರ್ಗಿಯವರು 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದ ತಮ್ಮ ಮನೆಯ ಬಾಗಿಲಲ್ಲಿಯೇ ಗುಂಡಿಗೆ ಬಲಿಯಾದರು. ಬಾಗಿಲು ಬಡಿದವರಿಗೆ ಬಾಗಿಲು ತೆರೆಯುವುದು ನಮ್ಮ ಕಡೆಯ ಮನೆಗಳ ಧರ್ಮ. ಆ ಧರ್ಮವೇ ಕೊಲೆಗಾರನಿಗೆ ಅನುಕೂಲವಾಯಿತು. ಪೊಲೀಸ್ ಕಾವಲು ತಮಗೆ ಬೇಡವೆಂದು ಅವರೇ ಹೇಳಿದ್ದರೆಂದು ಆಗಿನ ವರದಿಗಳು ತಿಳಿಸಿದವು. ಗುಂಡು ಹಾರಿದ್ದು 7.65 ಮಿಲಿಮೀಟರಿನ ನಾಡಪಿಸ್ತೂಲಿನಿಂದ; 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಕೊಂದದ್ದೂ ಅದೇ ಪಿಸ್ತೂಲೆಂದು ವಿಧಿವಿಜ್ಞಾನದ ಪರೀಕ್ಷೆ ಹೇಳಿತು. .32 ಪಿಸ್ತೂಲಿನ ಅಳತೆಯನ್ನು ಮಿಲಿಮೀಟರಿನಲ್ಲಿ ಹೇಳಿದರೆ 7.65 ಆಗುತ್ತದೆ. ನನ್ನ ವಿದ್ಯಾರ್ಥಿ ತನ್ನ ರಕ್ಷಣೆಗೆಂದು ಬಯಸಿದ ಅಳತೆಯೂ ಅದೇ. ಕಬ್ಬಿಣಕ್ಕೆ ಉದ್ದೇಶವಿಲ್ಲ, ನಿಜ. ಆದರೆ ಅದರ ಆಕಾರ ಒಬ್ಬನಿಗಿಂತ ಇನ್ನೊಬ್ಬನಿಗೆ ಹೆಚ್ಚು ನೆರವಾಗುತ್ತದೆ.

ಪರವಾನಗಿಯ ದಾರಿ ದೀರ್ಘವೆಂದು ನಾಡಪಿಸ್ತೂಲಿನ ಕಡೆ ತಿರುಗುವವರೂ ಉಂಟು. ಪರೀಕ್ಷೆಯನ್ನೇ ಕಾಣದ ಆ ನಳಿಕೆ ಹಾರಿಸಿದವನ ಕೈಯಲ್ಲಿಯೇ ಒಡೆಯಬಹುದು. ಪರವಾನಗಿಯಿಲ್ಲದೆ ಇಟ್ಟುಕೊಂಡವನಿಗೆ 2019ರ ತಿದ್ದುಪಡಿ ಶಿಕ್ಷೆಯನ್ನು ಹೆಚ್ಚಿಸಿದೆ. ಮಾಡಿದವನಿಗೂ ಮಾರಿದವನಿಗೂ ಏಳು ವರ್ಷದಿಂದ ಜೀವಾವಧಿಯವರೆಗೆ ಸೆರೆವಾಸ. ಇನ್ನು ಕಾಯಿದೆಯ ದಾರಿಯಲ್ಲಿಯೇ ಹೋಗುವೆನೆಂದರೆ ಬೆಲೆ ಕೈಗೆಟಕದು. ದಿಲ್ಲಿಯ 2012ರ ಘೋರ ಕೃತ್ಯದ ತರುವಾಯ, ಹೆಣ್ಣುಮಕ್ಕಳ ಕೈಚೀಲಕ್ಕೆ ಒಪ್ಪುವಂತೆ ಅರ್ಧ ಕಿಲೋ ತೂಕದ ‘ನಿರ್ಭೀಕ’ ರಿವಾಲ್ವರನ್ನು 2014ರಲ್ಲಿ ಕಾನಪುರದ ಕಾರ್ಖಾನೆ ಹೊರತಂದಾಗ ಅದರ ಬೆಲೆ ಲಕ್ಷ ರೂಪಾಯಿಗೂ ಮಿಕ್ಕಿತ್ತು. ರಾತ್ರಿ ಪಾಳಿ ಮುಗಿಸಿ ನಡೆದು ಮನೆಗೆ ಬರುವ ಯಾವ ಹೆಣ್ಣುಮಗಳು ಅದನ್ನು ಕೊಂಡಾಳು? ಭಯ ಇರುವ ಕಡೆ ಹಣವಿಲ್ಲ.

ತರುಣ ಎಲ್ಲವನ್ನೂ ಕೇಳಿದ. ಆಮೇಲೆ ನಾನು ಒಂದು ಪ್ರಶ್ನೆ ಕೇಳಿದೆ: “ಹೊಲ ಅಳಿಸಿ ಬಾಂದು ಹಾಕಿಸೀಯೇನಪಾ?” ಇಲ್ಲವೆಂದ. ಮೂರು ವರ್ಷದ ಜಗಳದಲ್ಲಿ ಸರ್ಕಾರಿ ಮೋಜಣಿಗೆ ಅರ್ಜಿಯೇ ಹೋಗಿರಲಿಲ್ಲ. ಎರಡೂ ಕಡೆಯವರಿಗೆ ಅಳತೆಯ ಫಲದ ಅಂಜಿಕೆ. “ಮೊದಲ ಬಾಂದು ಹಾಕಸ್ತೀನ್ರಿ ಸರ, ಆಮ್ಯಾಲ ಉಳಿದದ್ದು” ಎಂದು ಎದ್ದುಹೋದ. ಸುಗ್ಗಿ ಮುಗಿದ ಮೇಲೆ ಮೋಜಣಿ ನಡೆಯಿತು. ಅವನ ಪಾಲಿಗೆ ಎರಡು ಗುಂಟೆ ಕಡಿಮೆಯೇ ಬಂತು. ಕಲ್ಲು ನೆಟ್ಟರು. ದಾಯಾದಿಗಳು ಈಗಲೂ ಒಬ್ಬರ ಮನೆಯ ನೀರು ಒಬ್ಬರು ಕುಡಿಯುವುದಿಲ್ಲ. ಆದರೆ ರಾತ್ರಿ ನೀರು ಹಾಯಿಸುವಾಗ ಅವನು ಹಿಂದೆ ತಿರುಗಿ ನೋಡುವುದಿಲ್ಲ.

ಎಲ್ಲ ಭಯಕ್ಕೂ ಬಾಂದುಕಲ್ಲು ಮದ್ದೆಂದು ನಾನು ಹೇಳಲಾರೆ. ಕಲಬುರ್ಗಿಯವರ ಬಾಗಿಲಿಗೆ ಬಂದ ಮೃತ್ಯುವನ್ನು ಯಾವ ಮೋಜಣಿದಾರನೂ ತಡೆಯುತ್ತಿರಲಿಲ್ಲ. ನಿಜವಾದ ಬೆದರಿಕೆಯಲ್ಲಿ ಬದುಕುವವನಿಗೆ ಆತ್ಮರಕ್ಷಣೆಯ ಹಕ್ಕಿದೆ; ಹಳೆಯ ದಂಡಸಂಹಿತೆಯೂ ಅದನ್ನು ಮನ್ನಿಸಿತ್ತು, 2024ರ ಜುಲೈಯಿಂದ ನಡೆಯುತ್ತಿರುವ ನ್ಯಾಯಸಂಹಿತೆಯೂ ಅಗತ್ಯಕ್ಕೆ ಮೀರದಿರಲೆಂಬ ಎಚ್ಚರಿಕೆಯೊಡನೆ ಮನ್ನಿಸಿದೆ. ಅಂಥವನು ಆಯುಧ ಆರಿಸಲಿ. ಅಳತೆ, ತೂಕ, ಒರೆಗಳನ್ನು ನೋಡಿಯೇ ಆರಿಸಲಿ. ಆದರೆ ಅದು ತನ್ನನ್ನು ಕಾಯುವ ಸಮಯ ಒಂದೆರಡು ಸೆಕೆಂಡು ಮಾತ್ರವೆಂದೂ, ಅದನ್ನು ತಾನು ಕಾಯಬೇಕಾದದ್ದು ಉಳಿದ ದಿನರಾತ್ರಿಗಳೆಲ್ಲವೆಂದೂ ತಿಳಿದಿರಲಿ.