ಯಮನೂರಿಂದ ಏರ್‌ಪೋರ್ಟಿಗೆ: ಗಾಡಿ ಹೇಳೋ ಮುಂಚೆ ಒಂದು ಲೆಕ್ಕ

ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ನಮ್ಮ ಕಾಕಾನ ಮಗಳಿಗೆ, ಅಂದ್ರೆ ನಮ್ಮ ಅಕ್ಕನಿಗೆ, ಬ್ಯಾಂಕ್ ಕೆಲಸ ಸಿಕ್ತು. ಟ್ರೇನಿಂಗ್ ಗುವಾಹಟಿಯಲ್ಲಿ. ಹುಬ್ಬಳ್ಳಿಯಿಂದ ಬೆಂಗಳೂರು, ಅಲ್ಲಿಂದ ಗುವಾಹಟಿ, ಎರಡೂ ಒಂದೇ ಟಿಕೆಟ್‌ನಲ್ಲಿ. ನಮ್ಮ ಮನೆತನದಲ್ಲಿ ವಿಮಾನ ಹತ್ತಿದ ಮೊದಲನೇ ಮನುಷ್ಯಳು ಅವಳೇ. ಮೊದಲನೇ ವಿಮಾನ ಬೆಳಿಗ್ಗೆ 9:40ಕ್ಕೆ.

ನಮ್ಮ ಅಜ್ಜನ ಮನೆ ಇರೋದು ನವಲಗುಂದ ತಾಲೂಕಿನ ಯಮನೂರಲ್ಲಿ, ಊರು ದಾಟಿ ಹೊಲದೊಳಗೆ. ಪರಿಚಯದವರೊಬ್ಬರಿಗೆ ಕಾಕಾ ಗಾಡಿ ಹೇಳಿದ್ದರು. ‘ಆರಕ್ಕ ಬಾಗಲದಾಗ ಇರ್ತೀನಿ, ನೀವೇನ್ ಚಿಂತಿ ಮಾಡಬ್ಯಾಡ್ರಿ’ ಅಂದಿದ್ದರಂತೆ. ರಾತ್ರಿ ಪೂರ್ತಿ ಮಳೆ. ಬೆಳಿಗ್ಗೆ ಆರಾಯ್ತು, ಗಾಡಿ ಇಲ್ಲ. ಫೋನ್ ಮಾಡಿದರೆ ‘ಹೊಂಟೀನ್ರಿ, ಐದ ನಿಮಿಷ’. ಆರೂವರೆಗೆ ಫೋನ್ ಸ್ವಿಚ್ ಆಫ್. ‘ಬಂದಾ, ಬಂದಾ’ ಅಂತ ಅಂದ್ಕೊಂಡೇ ನಾವು 6:40ರವರೆಗೆ ಕೂತೆವು.

ಕೊನೆಗೆ ಕಾಕಾ ಅಕ್ಕನ್ನ ಬೈಕ್ ಮೇಲೆ ಕೂರಿಸಿಕೊಂಡು ಹೊರಟರು. ನಾನು ಪಕ್ಕದ ಹೊಲದವರ ಬೈಕ್ ಹಿಂದೆ, ತೊಡೆ ಮೇಲೆ ಸೂಟ್‌ಕೇಸ್. ಡಾಂಬರ್ ರೋಡಿಗೆ ಬಂದು ಹುಬ್ಬಳ್ಳಿ ಬಸ್ ಹತ್ತಿ, ಅಲ್ಲಿಂದ ಆಟೋ ಮಾಡಿ, ಏರ್‌ಪೋರ್ಟ್ ಮುಟ್ಟಿದಾಗ 8:33. ಬ್ಯಾಗ್ ತಗೊಳ್ಳೋ ಕೌಂಟರ್ ಮುಚ್ಚೋದು 8:40ಕ್ಕೆ. ಏಳು ನಿಮಿಷ! ಅಕ್ಕನ ಚಪ್ಪಲಿಗೆ ಇನ್ನೂ ಎರಿಮಣ್ಣು ಹತ್ತಿತ್ತು.

ಮನೆಗೆ ಬಂದಮೇಲೆ ಯೋಚನೆ ಮಾಡಿದೆ. ತಪ್ಪಿದ್ದು ಡ್ರೈವರ್ ಒಬ್ಬರದೇ ಅಲ್ಲ. ಯಾವ ಹೊತ್ತಿಗೆ ಆಸೆ ಬಿಡಬೇಕು ಅನ್ನೋದನ್ನ ನಾವು ಮೊದಲೇ ಗೊತ್ತು ಮಾಡಿಕೊಂಡಿರಲಿಲ್ಲ. ನಮ್ಮ ಕ್ಯಾಂಪಸ್‌ನಲ್ಲಿ ಹಳ್ಳಿಯಿಂದ ಬಂದವರು ತುಂಬಾ ಜನ ಇದ್ದೀರಿ. ನಾಳೆ ಇಂಟರ್‌ವ್ಯೂಗೋ, ಇಂಟರ್ನ್‌ಶಿಪ್‌ಗೋ ಮನೆಯಿಂದಲೇ ವಿಮಾನ ಹಿಡಿಯೋ ದಿನ ಬರುತ್ತೆ. ಅದಕ್ಕೇ ನಾನು ಕಲಿತದ್ದನ್ನ ಇಲ್ಲಿ ಬರೀತಿದ್ದೀನಿ.

ಲೆಕ್ಕ ಹಿಂದಿನಿಂದ ಶುರು

ನಾವೆಲ್ಲ ಮಾಡೋ ತಪ್ಪು ಏನಂದ್ರೆ, ‘9:40ರ ವಿಮಾನ, ಒಂದು ಗಂಟೆ ದಾರಿ, ಎಂಟಕ್ಕೆ ಬಿಟ್ಟರೆ ಸಾಕು’ ಅನ್ನೋದು. ಬಸ್ಸಾದರೆ ಹೊರಡೋ ಟೈಮಿಗೆ ನಾವು ಅಲ್ಲಿದ್ದರೆ ಸಾಕು, ವಿಮಾನಕ್ಕೆ ಅದು ನಡೆಯಲ್ಲ. ದೇಶದೊಳಗಿನ ಹಾರಾಟಕ್ಕೆ ಇಂಡಿಗೋದಂಥ ಕಂಪನಿಗಳ ಚೆಕ್-ಇನ್ ಮತ್ತು ಬ್ಯಾಗ್ ಕೌಂಟರ್ 60 ನಿಮಿಷ ಮೊದಲೇ ಮುಚ್ಚುತ್ತೆ. ಇಂಡಿಗೋ ಬೋರ್ಡಿಂಗ್ ಗೇಟ್ ಮುಚ್ಚೋದು 25 ನಿಮಿಷ ಮೊದಲು. ಹಾಗಾಗಿ ಬ್ಯಾಗ್ ಇದ್ದವರಿಗೆ 9:40ರ ವಿಮಾನ ಅಂದ್ರೆ ನಿಜವಾಗಿ 8:40ರ ವಿಮಾನ.

ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್‌ನಲ್ಲಿ ಕ್ರಿಟಿಕಲ್ ಪಾತ್ ಮೆಥಡ್ ಅಂತ ಬರುತ್ತೆ. ಅದರಲ್ಲಿ ಮುಗಿಯೋ ದಿನದಿಂದ ಹಿಂದಕ್ಕೆ ಬರ್ತಾ, ಪ್ರತಿ ಕೆಲಸ ತೀರಾ ತಡವಾಗಿ ಅಂದ್ರೆ ಯಾವಾಗ ಶುರುವಾಗಬೇಕು ಅಂತ ಕಂಡುಹಿಡೀತಾರೆ. ನಮ್ಮ ಲೆಕ್ಕಾನೂ ಅದೇ ಥರ:

8:40 — ಕೌಂಟರ್ ಬಂದ್.
8:00 — ಏರ್‌ಪೋರ್ಟ್ ಬಾಗಿಲಲ್ಲಿ ಇರಬೇಕು. ಐಡಿ, ಟಿಕೆಟ್ ತೋರಿಸೋದು, ಕ್ಯೂ, ಮೊದಲ ಸಲದ ಗಾಬರಿ, ಎಲ್ಲಾ ಸೇರಿ 40 ನಿಮಿಷ.
6:45 — ಮನೆ ಬಿಡಬೇಕು. ದಾರಿ ಹೆಚ್ಚುಕಮ್ಮಿ 40 ಕಿ.ಮೀ. ಅಂತ ಹಿಡಿದರೂ ಹುಬ್ಬಳ್ಳಿ ಊರು ದಾಟೋದು ಸೇರಿ ಒಂದೂಕಾಲು ಗಂಟೆ.
6:15 — ಮಳೆಗಾಲ ಆದರೆ ಇನ್ನೂ ಅರ್ಧ ಗಂಟೆ ಮೊದಲು.
6:00 — ಗಾಡಿ ಬಾಗಿಲಿಗೆ ಬರಬೇಕು. ಬ್ಯಾಗ್ ಇಡೋದು, ಅಜ್ಜಿ ಕಾಲು ಮುಟ್ಟೋದು, ರೊಟ್ಟಿ ಗಂಟು ಮರೆತು ವಾಪಸ್ ಓಡೋದು, ಇದಕ್ಕೆಲ್ಲಾ 15 ನಿಮಿಷ.

ಇಲ್ಲಿವರೆಗೆ ಯಾರಾದರೂ ಹಾಕ್ತಾರೆ. ನಾವು ಬಿಟ್ಟಿದ್ದು ಇದರ ಮುಂದಿನ ಸಾಲನ್ನ. ಗಾಡಿ ಬರದೇ ಹೋದರೆ ಎರಡನೇ ದಾರಿ ಯಾವುದು, ಅದಕ್ಕೆ ಎಷ್ಟು ಹೊತ್ತು ಬೇಕು? ನಮ್ಮಲ್ಲಿ ಬೈಕ್, ಬಸ್, ಆಟೋ ಸೇರಿ ಸುಮಾರು ಎರಡು ಗಂಟೆ. 8:40ರಿಂದ ಎರಡು ಗಂಟೆ ಕಳೆದರೆ 6:40. ಬಸ್ ಸ್ವಲ್ಪ ತಡ ಆದರೆ ಮುಗೀತು. ಆದ್ದರಿಂದ ಕೈಯಲ್ಲಿ 25 ನಿಮಿಷ ಇಟ್ಟುಕೊಂಡು 6:15ಕ್ಕೆ ಎದ್ದುಬಿಡಬೇಕಿತ್ತು. ಅದು ‘ಆಸೆ ಬಿಡೋ ಹೊತ್ತು’. ಅದನ್ನ ಹಿಂದಿನ ದಿನ ತಲೆ ತಣ್ಣಗಿದ್ದಾಗಲೇ ಬರೆದಿಡಬೇಕು. ಬೆಳಿಗ್ಗೆ ಬಾಗಿಲಲ್ಲಿ ನಿಂತು ಯೋಚಿಸಿದರೆ ‘ಇನ್ನೊಂದು ಐದು ನಿಮಿಷ ನೋಡೂಣು’ ಅಂತಾನೇ ಅನ್ನಿಸುತ್ತೆ.

ಇನ್ನೊಂದು ವಿಷಯ. ಒಂದೇ ಟಿಕೆಟ್‌ನಲ್ಲಿ ಎರಡು ವಿಮಾನ ಇದ್ದು, ಮೊದಲನೇದು ತಾವೇ ತಡ ಮಾಡಿದ್ದರಿಂದ ನೀವು ಎರಡನೇದನ್ನ ತಪ್ಪಿಸಿಕೊಂಡರೆ ಕಂಪನಿಯವರು ಬೇರೆ ವ್ಯವಸ್ಥೆ ಮಾಡ್ತಾರೆ. ಆದರೆ ನೀವೇ ಮೊದಲನೇದನ್ನ ತಪ್ಪಿಸಿಕೊಂಡರೆ ಸಾಮಾನ್ಯವಾಗಿ ಮುಂದಿನದೂ ರದ್ದು. ಅಕ್ಕನಿಗೆ ಆ ಏಳು ನಿಮಿಷ ಹೋಗಿದ್ದರೆ ಗುವಾಹಟಿ ಟಿಕೆಟ್ ಕೂಡ ಹೋಗ್ತಿತ್ತು.

ಬೋರ್ಡ್ ಯಾವ ಬಣ್ಣ?

ನಮ್ಮೂರ ಕಡೆ ‘ಗಾಡಿ ಹೇಳೋದು’ ಅಂದ್ರೆ ಹೆಚ್ಚಾಗಿ ಪರಿಚಯದವರ ಕಾರು. ನಂಬರ್ ಪ್ಲೇಟ್ ಬಿಳಿ, ಅಂದ್ರೆ ಸ್ವಂತ ಬಳಕೆಯ ಗಾಡಿ. ಬಾಡಿಗೆ ಗಾಡಿಗೆ ಹಳದಿ ಪ್ಲೇಟ್ ಮೇಲೆ ಕಪ್ಪು ಅಕ್ಷರ ಇರುತ್ತೆ. ಎಲೆಕ್ಟ್ರಿಕ್ ಬಾಡಿಗೆ ಗಾಡಿ ಆದರೆ ಹಸಿರು ಪ್ಲೇಟ್ ಮೇಲೆ ಹಳದಿ ಅಕ್ಷರ. 1988ರ ಮೋಟಾರು ವಾಹನ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ ಬಾಡಿಗೆಗೆ ಓಡಿಸೋಕೆ ಪರ್ಮಿಟ್ ಬೇಕು.

‘ಪೊಲೀಸ್ರು ಹಿಡಿಯೋದಿಲ್ಲ ಬಿಡೋ’ ಅಂತ ನೀವು ಅನ್ನಬಹುದು. ದಂಡ ಕಟ್ಟೋದು ದೊಡ್ಡ ವಿಷಯ ಅಲ್ಲ. ಪರ್ಮಿಟ್ ಇಲ್ಲದೆ ದುಡ್ಡಿಗೆ ಓಡ್ತಿದ್ದ ಗಾಡಿಗೆ ಅಪಘಾತ ಆದರೆ ಇನ್ಶೂರೆನ್ಸ್ ಕಂಪನಿ ‘ಇದು ಪಾಲಿಸಿಯ ಷರತ್ತು ಮುರಿದ ಬಳಕೆ’ ಅಂತ ತಕರಾರು ತೆಗೆಯಬಹುದು. ಆಗ ಆಸ್ಪತ್ರೆ ಖರ್ಚಿಗೆ ಒಳಗೆ ಕೂತವರೂ, ಗಾಡಿ ಮಾಲೀಕರೂ ಕೋರ್ಟ್ ಮೆಟ್ಟಿಲು ಹತ್ತಬೇಕಾಗುತ್ತೆ. ಮಾಲೀಕರು ನಮ್ಮೂರಿನವರೇ ಅನ್ನೋದನ್ನ ಮರೀಬಾರದು.

ಅವರ ಕಡೆಯ ಮಾತೂ ಇದೆ. ಪರ್ಮಿಟ್, ಟ್ಯಾಕ್ಸ್, ಫಿಟ್‌ನೆಸ್ ಸರ್ಟಿಫಿಕೇಟ್, ಬಾಡಿಗೆ ಗಾಡಿಯ ಇನ್ಶೂರೆನ್ಸ್, ಇಷ್ಟೆಲ್ಲಾ ಖರ್ಚು ಮಾಡಿದರೆ ಹಳ್ಳಿಯಲ್ಲಿ ಅಷ್ಟು ಬಾಡಿಗೆ ಸಿಗಲ್ಲ. ನಡುರಾತ್ರಿ ಹೆರಿಗೆ ನೋವು ಬಂದರೆ ಯಾರೂ ಬೋರ್ಡ್ ಬಣ್ಣ ನೋಡಲ್ಲ, ನೋಡಲೂಬಾರದು. ಆದರೆ ವಿಮಾನದ ತಾರೀಕು ನಮಗೆ ವಾರಗಟ್ಟಲೆ ಮೊದಲೇ ಗೊತ್ತಿರುತ್ತೆ. ನವಲಗುಂದದಿಂದಲೋ ಹುಬ್ಬಳ್ಳಿಯಿಂದಲೋ ಹಳದಿ ಬೋರ್ಡ್ ಗಾಡಿ ಹೇಳೋಕೆ ಸಾಕಷ್ಟು ಟೈಮ್ ಇರುತ್ತೆ.

ಬಾಡಿಗೆಯಲ್ಲಿ ಏನೇನು ಸೇರಿದೆ?

‘ಏರ್‌ಪೋರ್ಟಿಗೆ ಎಷ್ಟು?’ ಅಂತ ಮಾತ್ರ ಕೇಳಬೇಡಿ. ಬಾಡಿಗೆ ಎರಡು ಥರ. ಒಂದು, ಡ್ರಾಪ್‌ಗೆ ಇಷ್ಟು ಅಂತ ಗುತ್ತಿಗೆ. ಇನ್ನೊಂದು, ಕಿ.ಮೀ. ಲೆಕ್ಕ. ಕಿ.ಮೀ. ಲೆಕ್ಕದಲ್ಲಿ ಗಾಡಿ ಖಾಲಿ ವಾಪಸ್ ಹೋಗೋ ದಾರಿಗೂ ನೀವೇ ಕೊಡಬೇಕು. ಹುಬ್ಬಳ್ಳಿಯಿಂದ ಗಾಡಿ ತರಿಸಿದರೆ ಅದು ಯಮನೂರಿಗೆ ಖಾಲಿ ಬರೋ ದಾರಿಯೂ ನಿಮ್ಮ ಲೆಕ್ಕಕ್ಕೇ. ಒಂದು ಕಡೆ 40 ಕಿ.ಮೀ. ಆದರೂ ಬಿಲ್ 80ಕ್ಕೆ ಬರುತ್ತೆ. ಕೆಲವರು ಹೊರಊರಿನ ಬಾಡಿಗೆ ಅಂತ ದಿನಕ್ಕೆ ಇಷ್ಟು ಕಿ.ಮೀ. ಮಿನಿಮಮ್ ಇಡ್ತಾರೆ. 250, 300 ಕೂಡ ಇರುತ್ತೆ. ನಮ್ಮ ದಾರಿಗೆ ಅದು ತೀರಾ ನಷ್ಟ, ಗುತ್ತಿಗೆಯೇ ವಾಸಿ.

ಆಮೇಲೆ ಇವನ್ನ ಒಂದೊಂದಾಗಿ ಕೇಳಿ: ಡ್ರೈವರ್ ಬಾಟಾ ಸೇರಿದೆಯಾ? ಬೆಳಗಿನ ಜಾವ ಬಂದರೆ ನೈಟ್ ಚಾರ್ಜ್ ಇದೆಯಾ? ಟೋಲ್ ಬಂದರೆ, ಏರ್‌ಪೋರ್ಟ್ ಪಾರ್ಕಿಂಗ್ ಬಂದರೆ ಯಾರದು? ಬರೋದು ಯಾವ ಗಾಡಿ? ಕೊನೇ ಪ್ರಶ್ನೆ ನಗಣ್ಯ ಅನ್ನಿಸಬಹುದು. ಆದರೆ ಸಿಎನ್‌ಜಿ ಕಾರಾದರೆ ಡಿಕ್ಕಿಯ ಅರ್ಧ ಜಾಗ ಸಿಲಿಂಡರ್‌ಗೇ ಹೋಗಿರುತ್ತೆ. ಎರಡು ಸೂಟ್‌ಕೇಸ್, ಒಂದು ಖಡಕ್ ರೊಟ್ಟಿ ಡಬ್ಬಿ, ಬೀಳ್ಕೊಡೋಕೆ ನಾಲ್ಕು ಜನ ಅಂದ್ರೆ ಹಿಡಿಸಲ್ಲ. ಎಲ್ಲಾ ಒಪ್ಪಿದ ಮೇಲೆ ವಾಟ್ಸಾಪ್‌ನಲ್ಲಿ ಒಂದೇ ಮೆಸೇಜಲ್ಲಿ ತಾರೀಕು, ಟೈಮು, ಜಾಗ, ಒಟ್ಟು ದುಡ್ಡು ಬರೆದು ಕಳಿಸಿ, ‘ಓಕೆ’ ಅಂತ ಉತ್ತರ ತಗೊಳ್ಳಿ. ಸ್ವಲ್ಪ ಅಡ್ವಾನ್ಸ್ ಕೊಡಿ. ಅಡ್ವಾನ್ಸ್ ತಗೊಂಡವರು ಬೇರೆ ಬಾಡಿಗೆ ಬಂದರೂ ಬಿಟ್ಟು ಹೋಗೋದು ಕಡಿಮೆ.

ಗಾಡಿ ಯಾವ ಬಾಗಿಲವರೆಗೆ ಬರುತ್ತೆ?

ಕಾಲುವೆಗಳ ಊರು ಅಂದ್ರೆ ಎಲ್ಲರಿಗೂ ನೆನಪಾಗೋದು ಇಟಲಿಯ ವೆನಿಸ್. ಅಲ್ಲಿಯ ಹಳೇ ಊರೊಳಗೆ ಕಾರೇ ಓಡಲ್ಲ. ಕಾರು, ಬಸ್ಸು ಎಲ್ಲಾ ಪಿಯಾಜಾಲೆ ರೋಮಾ ಅನ್ನೋ ಚೌಕದಲ್ಲೇ ನಿಲ್ಲುತ್ತವೆ. ಹೋಟೆಲ್‌ನಿಂದ ಏರ್‌ಪೋರ್ಟಿಗೆ ಹೋಗೋರು ವಾಟರ್ ಟ್ಯಾಕ್ಸಿ ಅಂತ ಸಣ್ಣ ಬೋಟ್ ಬುಕ್ ಮಾಡಬಹುದು. ಅಲ್ಲಿನ ಮಾರ್ಕೊ ಪೋಲೊ ಏರ್‌ಪೋರ್ಟಿಗೆ ದೋಣಿಕಟ್ಟೆಯೇ ಇದೆ. ಆದರೆ ಹೋಟೆಲ್ ಕಾಲುವೆ ದಂಡೆಯಲ್ಲಿ ಇಲ್ಲದಿದ್ದರೆ ಬ್ಯಾಗ್ ಎತ್ತಿಕೊಂಡು ಮೆಟ್ಟಿಲು ಸೇತುವೆ ಹತ್ತಿ ಇಳಿಯಬೇಕು. ಸಮುದ್ರದ ನೀರು ಏರಿದ ದಿನ ಕೆಲವು ತಗ್ಗು ಸೇತುವೆ ಕೆಳಗೆ ಬೋಟ್ ಹಾಯೋದೂ ಇಲ್ಲ. ಹಾಗಾಗಿ ಅಲ್ಲಿ ಮೊದಲು ಕೇಳೋ ಪ್ರಶ್ನೆ, ‘ಬೋಟ್ ಎಲ್ಲಿವರೆಗೆ ಬರುತ್ತೆ?’

ಯಮನೂರಲ್ಲೂ ಇದೇ ಪ್ರಶ್ನೆ! ನಮ್ಮದೂ ಕಾಲುವೆ ಸೀಮೆಯೇ. ಸವದತ್ತಿ ಹತ್ತಿರದ ನವಿಲುತೀರ್ಥದ ಡ್ಯಾಮಿನಿಂದ ಮಲಪ್ರಭಾ ಬಲದಂಡೆ ಕಾಲುವೆ ನವಲಗುಂದ ತಾಲೂಕಿಗೆ ಬರುತ್ತೆ. ಊರ ಪಕ್ಕದಲ್ಲಿ ಬೆಣ್ಣಿಹಳ್ಳ. ಬೇಸಿಗೆಯಲ್ಲಿ ಅದನ್ನ ನೋಡಿದರೆ ಇದೇನು ಹಳ್ಳ ಅನ್ನಿಸುತ್ತೆ. ದೊಡ್ಡ ಮಳೆಗೆ ಹೊಲ, ರಸ್ತೆ ಎರಡನ್ನೂ ಮುಳುಗಿಸುತ್ತೆ. 2019ರ ಆಗಸ್ಟ್‌ನ ನೆರೆ ನಮ್ಮ ತಾಲೂಕಿನವರು ಯಾರೂ ಮರೆತಿಲ್ಲ. ಅದರ ಮೇಲೆ ಎರಿಭೂಮಿ. ಒಣಗಿದಾಗ ಕಲ್ಲು, ನೆನೆದರೆ ಬೆಣ್ಣೆ. ಸಿವಿಲ್‌ನವರು ಇದನ್ನ ಓದಿರ್ತೀರಿ: ಈ ಮಣ್ಣು ನೀರು ಕುಡಿದು ಉಬ್ಬುತ್ತೆ, ಬಲ ಕಳ್ಕೊಳ್ಳುತ್ತೆ. ಹೊಲದ ದಾರಿಯಲ್ಲಿ ಕಾರಿನ ಚಕ್ರ ಹೂತರೆ ಟ್ರ್ಯಾಕ್ಟರ್ ಬಂದೇ ಎಳೀಬೇಕು. ಡ್ರೈವರ್‌ಗಳು ಕಾಲುವೆ ದಂಡೆಯ ಅಡ್ಡದಾರಿ ಹೇಳಿದರೆ ಮಳೆಗಾಲದಲ್ಲಿ ಒಪ್ಪಬೇಡಿ.

ಹಾಗಾಗಿ ಮಳೆ ಇದ್ದರೆ ಗಾಡಿಯನ್ನ ಮನೆ ಬಾಗಿಲಿಗೆ ಕರೀಬೇಡಿ, ಡಾಂಬರ್ ರೋಡಿಗೆ ಕರೀರಿ. ಬ್ಯಾಗನ್ನ ಹಿಂದಿನ ರಾತ್ರಿಯೇ ಊರೊಳಗೆ ರೋಡ್ ಹತ್ತಿರದ ಸಂಬಂಧಿಕರ ಮನೆಯಲ್ಲಿ ಇಡಿ. ಆ ದಿನ ನಮ್ಮ ಗಾಡಿಯವರು ಯಾಕೆ ಬರಲಿಲ್ಲ ಅಂತ ಆಮೇಲೆ ಗೊತ್ತಾಯ್ತು: ಹೊಲದ ದಾರಿಯಲ್ಲಿ ಕಾರು ಹೂತೀತು ಅಂತ ಹೆದರಿದ್ದರು, ಹೇಳೋಕೆ ಸಂಕೋಚ. ರೋಡಿಗೆ ಬನ್ನಿ ಅಂದಿದ್ದರೆ ಬಂದೇ ಬರ್ತಿದ್ದರೇನೋ.

ಜಾತ್ರೆ ದಿನಾನೂ ಲೆಕ್ಕಕ್ಕೆ ತಗೊಳ್ಳಿ. ಯಮನೂರಿನ ಚಾಂಗದೇವ ಅಥವಾ ರಾಜಾಬಾಗಸವಾರ ಅಂತ ಕರೆಯೋ ದರ್ಗಾಕ್ಕೆ ಹಿಂದೂ, ಮುಸ್ಲಿಂ ಎರಡೂ ಕಡೆಯ ಜನ ಬರ್ತಾರೆ. ಹೋಳಿ ಹುಣ್ಣಿಮೆ ಆದಮೇಲೆ ನಡೆಯೋ ಉರುಸಿಗೆ ರಸ್ತೆ ತುಂಬಾ ಗಾಡಿ. ಅದೇ ವಾರ ರಂಗಪಂಚಮಿಗೆ ಹುಬ್ಬಳ್ಳಿಯಲ್ಲಿ ಬಣ್ಣದಾಟ. ಬೇರೆ ದಿನ ಕೂಡ ಕುಸುಗಲ್ ದಾಟಿ ಕೇಶ್ವಾಪುರ ಹೊಕ್ಕಮೇಲೆ ಗೋಕುಲ ರೋಡ್ ಸೇರೋ ತನಕ ಎಷ್ಟು ಹೊತ್ತು ಹಿಡಿಯುತ್ತೆ ಅನ್ನೋದು ನಮ್ಮ ಕೈಯಲ್ಲಿಲ್ಲ. ನಕ್ಷೆಯಲ್ಲಿ ದೊಡ್ಡ ತುಂಡು ಹೆದ್ದಾರಿಯದು, ಆದರೆ ಟೈಮ್ ತಿನ್ನೋದು ಈ ಕೊನೇ ತುಂಡು.

ಯಾವ ಏರ್‌ಪೋರ್ಟ್ ಅಂತ ಬಾಯಿಬಿಟ್ಟು ಹೇಳಿ

ನಮ್ಮ ಕಡೆಯವರು ಹುಬ್ಬಳ್ಳಿ ಅಲ್ಲದೆ ಬೆಳಗಾವಿ, ಗೋವಾದಿಂದಲೂ ವಿಮಾನ ಹಿಡೀತಾರೆ. ಗೋವಾದಲ್ಲಿ 2023ರ ಜನವರಿಯಿಂದ ಎರಡು ಏರ್‌ಪೋರ್ಟ್: ದಾಬೋಲಿಂ ಮತ್ತು ಮೋಪಾ. ಒಂದು ದಕ್ಷಿಣದಲ್ಲಿ, ಇನ್ನೊಂದು ಉತ್ತರದ ತುದಿಯಲ್ಲಿ. ಟಿಕೆಟ್ ಮೇಲೆ ಮೂರಕ್ಷರದ ಕೋಡ್ ಇರುತ್ತೆ. ಹುಬ್ಬಳ್ಳಿ ಎಚ್‌ಬಿಎಕ್ಸ್, ಬೆಳಗಾವಿ ಐಎಕ್ಸ್‌ಜಿ, ದಾಬೋಲಿಂ ಜಿಒಐ, ಮೋಪಾ ಜಿಒಎಕ್ಸ್. ಕೋಡ್ ನೋಡಿ, ಆಮೇಲೆ ಡ್ರೈವರ್‌ಗೆ ಊರಿನ ಹೆಸರು ಹೇಳಿ. ವಾಪಸ್ ಬರುವಾಗ ಗಾಡಿ ಹೇಳಿದ್ದರೆ ವಿಮಾನದ ನಂಬರನ್ನೂ ಕೊಡಿ. ತಡ ಆದರೆ ಅವರೇ ನೋಡ್ಕೋತಾರೆ.

ಹಿಂದಿನ ರಾತ್ರಿ

ಎಂಟು ಗಂಟೆಗೆ ಡ್ರೈವರ್‌ಗೆ ಫೋನ್ ಮಾಡಿ, ಗಾಡಿ ನಂಬರ್ ತಗೊಳ್ಳಿ. ಬರೋದು ಬೇರೆ ಡ್ರೈವರ್ ಆದರೆ ಅವರ ನಂಬರೂ ಬೇಕು. ಬೆಳಿಗ್ಗೆ ಗಾಡಿ ಬರೋ ಒಂದು ಗಂಟೆ ಮೊದಲು ಇನ್ನೊಂದು ಫೋನ್. ಎತ್ತಲಿಲ್ಲ ಅಂದ್ರೆ ಅಲ್ಲಿಂದಲೇ ಎರಡನೇ ದಾರಿಗೆ ತಯಾರಿ ಶುರು, ಬೈಕಿಗೆ ಪೆಟ್ರೋಲ್ ಇದೆಯಾ ನೋಡಿ. ವೆಬ್ ಚೆಕ್-ಇನ್ ಮುಗಿಸಿ, ಬ್ಯಾಗ್ ತೂಗಿ, ಐಡಿಯನ್ನ ಕೈಗೆ ಸಿಗೋ ಹಾಗೆ ಇಡಿ. ‘ಆಸೆ ಬಿಡೋ ಹೊತ್ತು’ ದೊಡ್ಡದಾಗಿ ಬರೆದು ಬಾಗಿಲ ಹಿಂದೆ ಅಂಟಿಸಿ. ಆ ಹೊತ್ತಾದರೆ ಎದ್ದು ಹೊರಡಬೇಕು, ಹಿರಿಯರು ‘ತಡಿ’ ಅಂದರೂ.

ಈ ದೀಪಾವಳಿಗೆ ಅಕ್ಕ ರಜೆ ಮೇಲೆ ಬರ್ತಾಳೆ. ಅವಳನ್ನ ವಾಪಸ್ ಕಳಿಸೋ ಗಾಡಿ ಹೇಳೋ ಜವಾಬ್ದಾರಿ ಈ ಸಲ ನನ್ನದು. ನವಲಗುಂದದ ಒಬ್ಬರಿಗೆ ಹೇಳಿದ್ದೀನಿ, ಗುತ್ತಿಗೆ ಬಾಡಿಗೆ, ಅಡ್ವಾನ್ಸ್ ಕೊಟ್ಟಾಯ್ತು, ರೋಡಿಗೇ ಬನ್ನಿ ಅಂತಾನೂ ಹೇಳಿದ್ದೀನಿ. ಅಜ್ಜನಿಗೂ ವಿಮಾನ ಏರೋದನ್ನ ನೋಡಬೇಕಂತೆ, ಅವರೂ ಬರ್ತಾರೆ. ನಿನ್ನೆ ಫೋನಲ್ಲಿ ಅಜ್ಜ ಕೇಳಿದ್ದು ಒಂದೇ ಮಾತು: ‘ಬೋರ್ಡ ಯಾವ ಬಣ್ಣದ್ದೈತಿ?’

ಹಳದಿ, ಅಜ್ಜಾ.