ಬರೆದಿಟ್ಟವರು ಮತ್ತು ಆಡಿದವರು

ಲೂಡೋ ಯಾವಾಗ ಹುಟ್ಟಿತು ಎಂದು ಹುಡುಕಿದರೆ ಸಿಗುವ ಉತ್ತರ 1896. ಆ ವರ್ಷ ಇಂಗ್ಲೆಂಡಿನಲ್ಲಿ ಆಲ್ಫ್ರೆಡ್ ಕಾಲಿಯರ್ ಎಂಬಾತ ಅದಕ್ಕೆ ಪೇಟೆಂಟ್ ಪಡೆದ. ಅದಕ್ಕೂ ಮೊದಲೇ, 1874ರಲ್ಲಿ, ಅಮೆರಿಕದ ಕಂಪನಿಯೊಂದು ಇಂಥದೇ ಆಟವನ್ನು ‘ಪಾರ್ಚೀಸಿ’ ಎಂದು ಹೆಸರಿಟ್ಟು ನೋಂದಾಯಿಸಿತ್ತು. ಎರಡರ ಮೂಲವೂ ಪಚೀಸಿ, ಅಂದರೆ ನಮ್ಮ ಪಗಡಿಯ ಬಳಗ. ಅಕ್ಬರನ ಆಸ್ಥಾನದ ಅಬುಲ್ ಫಜಲ್ ಅದೇ ಬಳಗದ ಚೌಪಡ್ ಆಟದ ವಿವರ ಬರೆದದ್ದು ಕಾಲಿಯರ್‌ಗಿಂತ ಸುಮಾರು ಮುನ್ನೂರು ವರ್ಷ ಹಿಂದೆ. ಇಷ್ಟನ್ನು ಹೇಳಿ ‘ಆಟ ನಮ್ಮದು, ಕದ್ದವರು ಅವರು’ ಎಂದು ಮಾತು ಮುಗಿಸುವವರೇ ಹೆಚ್ಚು. ನನಗೆ ಅದು ಅರ್ಧ ಮಾತು ಅನ್ನಿಸುತ್ತದೆ. ಕಾಲಿಯರ್‌ನ ಕಾಗದ ಆಟದ ಜನ್ಮಪತ್ರ ಅಲ್ಲ ಎಂದಾದರೆ ಅಬುಲ್ ಫಜಲನ ಪುಸ್ತಕವೂ ಅಲ್ಲ. ಇಬ್ಬರೂ ಜನ ಆಗಲೇ ಆಡುತ್ತಿದ್ದುದನ್ನು ದಾಖಲೆಗೆ ತಂದರು, ಅಷ್ಟೆ. ಮಣೆಯಾಟಗಳ ಹುಟ್ಟನ್ನು ಅರಮನೆಯಲ್ಲೂ ಪೇಟೆಂಟ್ ಕಚೇರಿಯಲ್ಲೂ ಹುಡುಕುವುದನ್ನು ಬಿಟ್ಟು, ಜನ ಕೂತು ಕಾಲ ಕಳೆಯುತ್ತಿದ್ದ ಗುಡಿಯ ಜಗಲಿ, ಅರಳಿಕಟ್ಟೆ, ಮನೆಯ ಪಡಸಾಲೆಗಳಲ್ಲಿ ಹುಡುಕಬೇಕು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಸೀಮೆ ಅದಕ್ಕೆ ತಕ್ಕ ನೆಲ.

ಈ ನೆಲಕ್ಕೆ ಹತ್ತಿರದ ಹಳೆಯ ಬರಹ ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’. 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚನೆಯಾದ ಈ ಗ್ರಂಥದ ಕೊನೆಯ ಭಾಗ ಕ್ರೀಡೆಗಳಿಗೇ ಮೀಸಲು. ಚದುರಂಗ, ದಾಳದಾಟ, ಕವಡೆಯಾಟ ಎಲ್ಲವೂ ಅಲ್ಲಿವೆ. ಆಗ ಹಾವೇರಿಯ ಸುತ್ತಲಿನ ಸೀಮೆ ಈ ಚಾಲುಕ್ಯರ ಆಳ್ವಿಕೆಯಲ್ಲಿತ್ತು. ಹಾನಗಲ್ಲಿನ ಕದಂಬರು ಅವರ ಸಾಮಂತರು. ಆದರೆ ಸೋಮೇಶ್ವರ ತಾನು ಈ ಆಟಗಳನ್ನು ಹುಟ್ಟಿಸಿದೆ ಎಂದುಕೊಂಡವನಲ್ಲ. ಅಡುಗೆ, ಆನೆ, ಸಂಗೀತಗಳ ಬಗ್ಗೆ ಬರೆದ ಹಾಗೆಯೇ, ಅರಸನಾದವನಿಗೆ ತಿಳಿದಿರಬೇಕಾದ ಸಂಗತಿಗಳ ಸಾಲಿಗೆ ಆಟಗಳನ್ನೂ ಸೇರಿಸಿದ. ಚದುರಂಗದ ಹೆಸರು ಅವನಿಗಿಂತ ಐದು ಶತಮಾನ ಮೊದಲೇ ಬಾಣನ ‘ಹರ್ಷಚರಿತ’ದಲ್ಲಿ ಬರುತ್ತದೆ. ಆಟ ಬರಹಕ್ಕೆ ಬರುವ ಹೊತ್ತಿಗೆ ಅದಕ್ಕೆ ಆಗಲೇ ವಯಸ್ಸಾಗಿರುತ್ತದೆ.

ಬರೆಯದವರ ದಾಖಲೆ ಕಲ್ಲಿನ ಮೇಲಿದೆ. ಹಂಪಿಯ ಹಾಸುಗಲ್ಲು, ಮಂಟಪದ ಜಗಲಿ, ಬಂಡೆಗಳ ಮೇಲೆ ಹುಲಿ-ಕುರಿ ಆಟದ ಗೆರೆಗಳು, ಸಾಲುಮನೆಯ ಚೌಕಗಳು, ಅಳಗುಳಿಯ ಕುಳಿಗಳು ರಾಶಿರಾಶಿಯಾಗಿ ಸಿಕ್ಕಿವೆ. ವಿದ್ವಾಂಸರು ಅವನ್ನು ಎಣಿಸಿ, ಅಳೆದು, ನಕ್ಷೆ ಬರೆದಿದ್ದಾರೆ. ಅವನ್ನು ಸಾಕ್ಷಿಯಾಗಿ ಬಳಸುವುದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ: ಕಲ್ಲಿನ ಗೆರೆಗೆ ತಾರೀಖು ಇಲ್ಲ. ಹದಿನಾಲ್ಕನೇ ಶತಮಾನದ ನೆಲದ ಮೇಲೆ ಇಪ್ಪತ್ತನೇ ಶತಮಾನದ ದನಗಾಹಿ ಹುಡುಗನೂ ಗೆರೆ ಕೊರೆದಿರಬಹುದು. ಇದು ನಿಜ. ಆದ್ದರಿಂದ ಗುಡಿಯ ವಯಸ್ಸನ್ನೇ ಆಟದ ವಯಸ್ಸು ಎನ್ನುವಂತಿಲ್ಲ. ಪಗಡಿ ಮಹಾಭಾರತದಷ್ಟು ಹಳೆಯದು ಎಂಬ ಹೆಮ್ಮೆಗೂ ಆಧಾರ ಸಾಲದು. ಆದರೆ ಗೆರೆ ಹೇಳದಿರುವುದು ‘ಯಾವಾಗ’ ಎಂಬುದನ್ನು ಮಾತ್ರ. ‘ಎಲ್ಲಿ’, ‘ಯಾರು’ ಎಂಬುದನ್ನು ಅದು ಸ್ಪಷ್ಟವಾಗಿ ಹೇಳುತ್ತದೆ. ಇಬ್ಬರು ಚಕ್ಕಳಮಕ್ಕಳ ಹಾಕಿ ಎದುರುಬದುರು ಕೂರುವಷ್ಟು ಜಾಗ, ನೆರಳು, ಹೋಗಿಬರುವವರು ನಿಂತು ನೋಡುವಂಥ ಕಟ್ಟೆ. ಶಿಲ್ಪಿಯ ಅಳತೆಯಿಲ್ಲದ ಸೊಟ್ಟ ಗೆರೆ. ಅರಸನ ಅಪ್ಪಣೆಯಿಂದ ಕೊರೆದವಲ್ಲ ಇವು. ಹಾವೇರಿಯ ಸೀಮೆಯಲ್ಲೂ ಇಂಥ ಜಾಗಗಳಿದ್ದವು. ಹಾವೇರಿಯ ಸಿದ್ಧೇಶ್ವರ, ಬಂಕಾಪುರದ ಅರವತ್ತು ಕಂಬದ ನಗರೇಶ್ವರ, ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರದ ಮುಕ್ತೇಶ್ವರ, ತುಂಗಭದ್ರೆಯ ದಂಡೆಯ ಗಳಗನಾಥ, ಇಂಥ ಗುಡಿಗಳು ಪೂಜೆಯ ಜಾಗಗಳಷ್ಟೇ ಆಗಿರಲಿಲ್ಲ. ಪರಸ್ಥಳದವರು ಇಳಿದುಕೊಳ್ಳುವ, ಬಿಸಿಲು ಇಳಿಯುವವರೆಗೆ ಕೂರುವ ಜಾಗಗಳೂ ಆಗಿದ್ದವು. ಮಣೆಯಾಟಕ್ಕೆ ಬೇಕಾದದ್ದು ಅದೇ ಬಿಡುವು.

ಅರಸರು ಆಟ ಕಟ್ಟಲೇ ಇಲ್ಲವೇ ಎಂದರೆ, ಕಟ್ಟಿದರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರನ್ನು (1794–1868) ಬಿಟ್ಟು ಈ ಮಾತು ಆಡುವಂತಿಲ್ಲ. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೆ ಅವರ ಆಸಕ್ತಿಯೆಲ್ಲ ಕಲೆ, ಗ್ರಂಥರಚನೆಗಳ ಕಡೆ ಹರಿಯಿತು. ಅವರ ಗ್ರಂಥ ‘ಶ್ರೀತತ್ತ್ವನಿಧಿ’ಯ ಕೌತುಕ ನಿಧಿ ಎಂಬ ಭಾಗದಲ್ಲಿ ಆಟಗಳ ವಿವರವಿದೆ, ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆಟದ ಚಿತ್ರಗಳಿವೆ. ಚದುರಂಗದ ಕುದುರೆ ಪ್ರತಿ ಮನೆಯನ್ನೂ ಒಂದೇ ಸಲ ತುಳಿದು ಬರುವ ದಾರಿಗಳನ್ನು ಅವರು ಹೆಣೆದರು, ಗಂಜೀಫಾ ಎಂಬ ಇಸ್ಪೀಟಿನಂಥ ಎಲೆಗಳಲ್ಲಿ ಹೊಸ ಹೊಸ ಬಗೆಗಳನ್ನು ರೂಪಿಸಿದರು. ಅದು ನಿಜವಾದ ಪ್ರತಿಭೆ. ಆದರೂ ಅವರ ಅತಿ ಸಂಕೀರ್ಣ ರಚನೆಗಳು ಇಂದು ಗೋಡೆಯ ಮೇಲೆ, ಸಂಗ್ರಹಾಲಯದಲ್ಲಿ ಉಳಿದಿವೆ. ಸೀಮೆಸುಣ್ಣದ ತುಂಡು, ನಾಲ್ಕು ಕವಡಿ, ಒಂದು ಹಿಡಿ ಹುಣಸಿಬೀಜ ಇದ್ದರೆ ಸಾಕೆನ್ನುವ ಚೌಕಾಬಾರ ಮಾತ್ರ ಮನೆಮನೆಯಲ್ಲಿ ಉಳಿದಿದೆ. ಆಟವೊಂದು ಬದುಕುವುದು ಪ್ರತಿಭೆಯೊಂದರಿಂದಲೇ ಅಲ್ಲ. ಬಡವರ ಅಂಗಳದಲ್ಲೂ ಖರ್ಚಿಲ್ಲದೆ ಹೂಡಬಲ್ಲಂತಿದ್ದರೆ ಬದುಕುತ್ತದೆ.

ಹೆಸರಿಲ್ಲದ ಆಟಗಾರರ ಬುದ್ಧಿ ಎಷ್ಟು ಹರಿತವಾಗಿತ್ತು ಎಂಬುದನ್ನು ಕಟ್ಟಳೆಗಳಲ್ಲೇ ನೋಡಬಹುದು. ಲೂಡೋದಲ್ಲಿ ಆರು ಬೀಳುವ ತನಕ ಕಾಯಿ ಮನೆಬಿಟ್ಟು ಹೊರಡುವುದಿಲ್ಲ. ಚೌಕಾಬಾರದಲ್ಲಿ ಹಲವು ಕಡೆ ಹಾಗಲ್ಲ. ಐದೈದು ಮನೆಯ ಚೌಕ, ನಾಲ್ಕು ದಿಕ್ಕಿಗೆ ನಾಲ್ಕು ಕಟ್ಟೆ, ಅಂದರೆ ಕಾಯಿ ಕಡಿಯಲಾಗದ ಮನೆ. ಕಾಯಿ ಹೊರಸುತ್ತು ಮುಗಿಸಿ ಒಳಸುತ್ತಿಗೆ ತಿರುಗಬೇಕಾದರೆ ಎದುರಾಳಿಯ ಒಂದು ಕಾಯನ್ನಾದರೂ ಕಡಿದಿರಬೇಕು ಎಂಬುದು ಹಲವು ಕಡೆ ಇರುವ ಕಟ್ಟಳೆ. ಈ ಒಂದೇ ಷರತ್ತಿನಿಂದ ಕಟ್ಟೆಯಲ್ಲಿ ಬೆಚ್ಚಗೆ ಕೂತು, ನಡುಮನೆ ಸೇರಿ ಹಣ್ಣಾಗುತ್ತೇನೆ ಎನ್ನುವವನ ಲೆಕ್ಕ ತಪ್ಪುತ್ತದೆ. ಯಾವ ಕಾಯನ್ನು ಅಪಾಯಕ್ಕೆ ಒಡ್ಡಬೇಕು ಎಂದು ಪ್ರತಿ ಸಲವೂ ಯೋಚಿಸಲೇಬೇಕು. ಹುಲಿ-ಕುರಿಯಲ್ಲಿ ದಾಳವೂ ಇಲ್ಲ, ಅದೃಷ್ಟವೂ ಇಲ್ಲ. ಸಾಮಾನ್ಯವಾದ ಒಂದು ಬಗೆಯಲ್ಲಿ 3 ಹುಲಿ, 15 ಕುರಿ. ಹುಲಿ ಹಾರಿ ಕುರಿಯನ್ನು ತಿನ್ನುತ್ತದೆ. ಕುರಿಗೆ ಹಾರಲು ಬರುವುದಿಲ್ಲ, ಒಗ್ಗಟ್ಟಾಗಿ ನಿಂತು ಹುಲಿಯನ್ನು ಕಟ್ಟಿಹಾಕಲು ಬರುತ್ತದೆ. ನೇಪಾಳದ ಬಾಘ್‌ಚಾಲ್‌ನಲ್ಲಿ ಇದೇ ಹೋರಾಟ 4 ಹುಲಿ, 20 ಕುರಿಗಳ ನಡುವೆ ನಡೆಯುತ್ತದೆ. ಎರಡೂ ಕಡೆ ಸಮಬಲದ ಸೈನ್ಯ ನಿಲ್ಲಿಸುವ ಚದುರಂಗಕ್ಕಿಂತ ಇದು ಬೇರೆಯೇ ಆಲೋಚನೆ, ಮತ್ತು ನನ್ನ ಮಟ್ಟಿಗೆ ಇನ್ನೂ ಸೂಕ್ಷ್ಮವಾದ ಆಲೋಚನೆ. ಅಸಮಾನ ಬಲಗಳನ್ನು ಸರಿತೂಗಿಸಿದ ಆ ಲೆಕ್ಕವನ್ನು ಯಾವ ಒಬ್ಬನೂ ಒಂದು ಸಂಜೆ ಕೂತು ಹಾಕಿರಲಾರ. ಆಡಿ, ಸೋತು, ಜಗಳಾಡಿ, ತಿದ್ದಿ ಬಂದದ್ದು ಅದು.

ಇವೆಲ್ಲ ಜೂಜು, ಮನೆ ಮುರಿಯುವ ಚಟ ಎಂಬ ಹಿರಿಯರ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಋಗ್ವೇದದಲ್ಲೇ ಜೂಜುಕೋರನ ಗೋಳಿನ ಸೂಕ್ತವಿದೆ. ಧರ್ಮರಾಯನ ಕಥೆ ಎಲ್ಲರಿಗೂ ಗೊತ್ತು. ಇಂದು ಅದೇ ಗೋಳು ಮೊಬೈಲಿಗೆ ಬಂದಿದೆ. ಕರ್ನಾಟಕ 2021ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು, 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದುಮಾಡಿತು, 2025ರಲ್ಲಿ ಸಂಸತ್ತೇ ನಿಷೇಧದ ಕಾಯ್ದೆ ತಂದಿತು. ಆದರೆ ಕೇಡು ಇರುವುದು ಪಣದಲ್ಲಿ, ಮಣೆಯಲ್ಲಲ್ಲ. ಪಂಚಮಿ ಹಬ್ಬದಲ್ಲಿ ಜೋಕಾಲಿಯ ಜೊತೆಗೆ ಪಗಡಿಯನ್ನೂ ಇಟ್ಟುಕೊಂಡ ಉತ್ತರ ಕರ್ನಾಟಕದ ಜನ ತವರಿಗೆ ಬಂದ ಹೆಣ್ಣುಮಕ್ಕಳ ಬಿಡುವಿಗೂ ಒಂದು ಜಾಗ ಕೊಟ್ಟಿದ್ದರು. ದುಡ್ಡು ಕಟ್ಟದೆ ಆಡುವ ಆಟ ಕಳೆದುಹೋದರೆ, ಬೇಸರ ಕಳೆಯಲು ಕೈಗೆ ಸಿಗುವುದು ದುಡ್ಡು ಕೇಳುವ ಆಟವೇ.

ಹಾಗಾಗಿ ಹಾವೇರಿ ಜಿಲ್ಲೆಯಲ್ಲಿ ತುರ್ತಾಗಿ ಆಗಬೇಕಾದ ಎರಡು ಕೆಲಸಗಳಿವೆ. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಹಾಸುಗಲ್ಲು ಕಿತ್ತು ಗ್ರಾನೈಟ್ ಹಾಸುವ ಮೊದಲು, ಆ ಕಲ್ಲಿನ ಮೇಲೆ ಗೆರೆ, ಕುಳಿ ಇವೆಯೇ ಎಂದು ಊರವರು ನೋಡಬೇಕು. ಇದ್ದರೆ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಬೇಕು, ಕಲ್ಲನ್ನು ಇದ್ದಲ್ಲೇ ಉಳಿಸಬೇಕು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇದೆ. ಅದರ ವಿದ್ಯಾರ್ಥಿಗಳು ಬ್ಯಾಡಗಿ, ರಾಣೆಬೆನ್ನೂರು, ಹಾವೇರಿ ತಾಲ್ಲೂಕುಗಳ ಹಳ್ಳಿಹಳ್ಳಿಗೆ ಹೋಗಿ ಕಟ್ಟಳೆಗಳನ್ನು ಬರೆದುಕೊಂಡು ಬರಬಹುದು: ಕುರಿ ಎಷ್ಟು, ಬಾರಾ ಎಂಬ ಗರ ಬಿದ್ದರೆ ಮತ್ತೆ ಎಸೆತವುಂಟೇ, ಗಟ್ಟಿಯನ್ನು (ಜೋಡಿ ಕಾಯಿಯನ್ನು) ಒಂಟಿ ಕಾಯಿ ಕಡಿಯಬಹುದೇ, ಕಡಿಯದೆ ಒಳಸುತ್ತಿಗೆ ಹೋಗಬಹುದೇ. ಒಂದೂರಿನ ಉತ್ತರ ಇನ್ನೊಂದೂರಿಗೆ ಹೊಂದದಿದ್ದರೆ ಅದನ್ನು ತಪ್ಪೆಂದು ತಿದ್ದದೆ, ಹೇಳಿದವರ ಊರಿನ ಹೆಸರಿನೊಡನೆ ಹಾಗೆಯೇ ಬರೆದಿಡಬೇಕು.