ಮಿಶ್ರಿ ಬಿಡೂತನಕ ಹಲ್ಲು ಉಳೀಬೇಕಲ್ಲ!

ಅಕ್ಕಲಕೋಟೆ: ಗಡಿಭಾಗದ ಅನೇಕ ಮನೆಗಳಲ್ಲಿ ಬೆಳಗಿನ ಚಹಾಕ್ಕಿಂತ ಮೊದಲು ಮಿಶ್ರಿ. ತಂಬಾಕನ್ನು ಹಂಚಿನ ಮೇಲೆ ಕಪ್ಪಗೆ ಹುರಿದು, ಪುಡಿ ಮಾಡಿ ಹಲ್ಲಿಗೆ ಉಜ್ಜುವುದು ಹೆಣ್ಣುಮಕ್ಕಳಲ್ಲಿ ಹಳೆಯ ರೂಢಿ. ‘ಮಿಶ್ರಿ ಹಚ್ಚದಿದ್ರ ಹೊಟ್ಟಿ ಸಾಫ್ ಆಗೂದಿಲ್ಲ, ಕೆಲಸಕ್ಕ ಕೈ ಏಳೂದಿಲ್ಲ’ ಎಂಬ ಮಾತೂ ಅಷ್ಟೇ ಹಳೆಯದು.

ಇದು ನಿಕೋಟಿನ್ ಎಂಬ ಉತ್ತೇಜಕದ ಆಟ. ಒಮ್ಮೆ ಉಜ್ಜುತ್ತಿದ್ದದ್ದು ದಿನಕ್ಕೆ ನಾಲ್ಕೈದು ಸಲವಾಗುತ್ತದೆ. ಒಸಡು ಸರಿದು ಹಲ್ಲಿನ ಬೇರು ಬಯಲಾಗುತ್ತದೆ. ತಣ್ಣೀರು ಕುಡಿದರೂ ಜುಮ್ಮೆನ್ನುತ್ತದೆ. ಅದನ್ನು ಅಡಗಿಸಲು ಮತ್ತೆ ಮಿಶ್ರಿ! ಹಲ್ಲುಪುಡಿ, ಪೇಸ್ಟಿನಲ್ಲಿ ತಂಬಾಕು ಬೆರೆಸುವುದನ್ನು ಕೇಂದ್ರ ಸರಕಾರ 1992ರಲ್ಲೇ ನಿಷೇಧಿಸಿದೆ. ಮನೆಯಲ್ಲಿ ಹುರಿಯುವುದು ಮಾತ್ರ ನಿಂತಿಲ್ಲ.

ಒಂದೇ ದಿನಕ್ಕೆ ಚಟ ಬಿಡಲು ಎಲ್ಲರಿಗೂ ಆಗಲಿಕ್ಕಿಲ್ಲ. ಬಿಡುವ ಪ್ರಯತ್ನ ನಡೆದಿರುವಾಗಲೂ ಹಲ್ಲಿನ ಕಾಳಜಿ ಬೇಕು. ಮಿಶ್ರಿ ಬಾಯಲ್ಲಿಟ್ಟುಕೊಂಡು ಕೂಡದೆ ಉಗುಳಿ, ನೀರು ಮುಕ್ಕಳಿಸಬೇಕು. ದಿನಕ್ಕೆರಡು ಸಲ ಮೆತ್ತನೆಯ ಬ್ರಷ್, ಫ್ಲೋರೈಡ್ ಪೇಸ್ಟಿನಿಂದ ಹಲ್ಲು ತಿಕ್ಕಬೇಕು. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಇಲ್ಲವೆ ಕೆಂಪು ಕಲೆ ಕಂಡರೆ ನೋವಿಲ್ಲದಿದ್ದರೂ ದವಾಖಾನೆಗೆ ತೋರಿಸಬೇಕು. ಅದು ಬಾಯಿ ಕ್ಯಾನ್ಸರಿನ ಮುನ್ಸೂಚನೆಯೂ ಇರಬಹುದು. ಚಟ ಬಿಡಲು 1800112356 ಸಂಖ್ಯೆಗೆ ಫೋನ್ ಮಾಡಿದರೆ ಪುಕ್ಕಟೆ ಸಲಹೆ ಸಿಗುತ್ತದೆ.

ಅಜ್ಜಿಯ ಡಬ್ಬಿಗೆ ಮೊಮ್ಮಗಳ ಬೆರಳು ಹೋಗುವ ಮೊದಲೇ ಮನೆಯಲ್ಲಿ ಈ ಮಾತು ಆಗಬೇಕು.